ಹತ್ತೊಂಬತ್ತನೆಯ ಚಿತ್ರ

ಸತ್ತ ಅಣ್ಣ ಪರದೆಯ ಮೇಲೆ ಬಂದು ಕೂತಿದ್ದರು.

ಡಾಕ್ಟರರ ಕೈ ಮೌಸ್ ಮೇಲೆ ಹಾಗೇ ನಿಂತಿತು. ಹೆಸರಿನ ಜಾಗಕ್ಕೆ ಎಂದಿನಂತೆ ಕಾಗದದ ಪಟ್ಟಿ ಅಂಟಿಸಿತ್ತು. ಅದರ ಮೇಲೆ ಹತ್ತೊಂಬತ್ತು ಎಂಬ ಸಂಖ್ಯೆ ಮಾತ್ರ. ಆದರೆ ಸೊಂಟದ ಮೂಳೆಯ ಆ ಓರೆ, ಮೂತ್ರಕೋಶವನ್ನು ಕೆಳಗಿನಿಂದ ಗುದ್ದುತ್ತಿದ್ದ ಆ ದಪ್ಪ ಪ್ರಾಸ್ಟೇಟ್ ಗ್ರಂಥಿ! ಎಂಟು ವರ್ಷ ಕಳೆದರೂ ಅವರು ಮರೆತಿರಲಿಲ್ಲ.

"ಅಕ್ಕಾ, ಹಳೇ ಸ್ಕ್ಯಾನ್ ಯಾಕೆ ಹಾಕಿದ್ರಿ?"

ಸ್ಕ್ಯಾನ್ ಯಂತ್ರ ನಡೆಸುವಾಕೆ ಚಹಾದ ಲೋಟ ತಂದಿಟ್ಟರು. ಇಡೀ ಆಸ್ಪತ್ರೆಗೆ ಆಕೆ ಅಕ್ಕ. "ಹಳೇದಲ್ಲ. ಈಚಿನದೇ."

"ಹಾಗಾದ್ರೆ ಯಂತ್ರ ಇನ್ನೂ ಸರಿಹೋಗಿಲ್ಲ."

"ರಿಪೇರಿಯವನು ಹೋದ್ಮೇಲೆ ಪರೀಕ್ಷೆಗೆ ಅಂತ ನೀವೇ ಅರ್ಧ ಗಂಟೆ ಒಳಗೆ ಮಲಗಿ ಗೊರಕೆ ಹೊಡೆದ್ರಲ್ಲ, ಆಗ ಸರಿಯಿತ್ತಾ?"

"ತಮಾಷೆ ಸಾಕು. ಯಾರದು ಇದು?"

"ಹೆಸರು ಕೇಳ್ಬಾರ್ದು ಅಂತ ರೂಲ್ಸ್ ಮಾಡಿದ್ದು ಯಾರು, ನಾನಾ?"

ಮಾಡಿದ್ದು ಅವರೇ, ಅಣ್ಣ ಹೋದ ಮೇಲೆ. "ಕೊಯ್ಯೋದು ಬೇಡ ಕಣೋ, ನಂಗೆ ಭಯ" ಎಂದು ಅಣ್ಣ ಗೋಗರೆದಿದ್ದರು. ಕೊಯ್ಯದ ದಾರಿ ಒಂದಿತ್ತು. ರಕ್ತನಾಳದೊಳಗೆ ಸಣ್ಣ ನಳಿಕೆ ತೂರಿಸಿ, ಗ್ರಂಥಿಗೆ ಹೋಗುವ ರಕ್ತ ತಡೆದರೆ ಅದು ತಾನಾಗಿ ಕುಗ್ಗುತ್ತದೆ. ಯಾರಿಗೆ ಫಲಿಸುತ್ತದೆ, ಯಾರಿಗಿಲ್ಲ ಎಂದು ಚಿತ್ರ ನೋಡಿ ಮೊದಲೇ ಹೇಳುವುದು ಈ ಡಾಕ್ಟರರ ಕೆಲಸ. ಅಣ್ಣನ ನಾಳ ಗಂಟುಬಿದ್ದ ದಾರದಂತೆ ಸುರುಳಿಯಾಗಿದ್ದುದು ಕಣ್ಣಿಗೆ ಬಿದ್ದಿತ್ತು. ಮನಸ್ಸು ನೋಡಲಿಲ್ಲ. 'ಆಗುತ್ತದೆ' ಎಂದು ಬರೆದರು. ಆಗಲಿಲ್ಲ. ಎರಡು ವರ್ಷ ಮೂತ್ರದ ಚೀಲ ಹೊತ್ತು ತಿರುಗಿ, ಕೊನೆಗೆ ನಂಜೇರಿ ಅಣ್ಣ ತೀರಿಕೊಂಡರು. ತಮ್ಮನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರರು ಎದ್ದು ಹೊರಗೆ ಹೋಗಿ ಬಂದರು. ಕಾಲು ಗಂಟೆಯೂ ಆಗಿರಲಿಲ್ಲ, ಮತ್ತೆ ಎದ್ದರು, ಅಣ್ಣನ ಎದುರು ಕೂರಲಾರದವರಂತೆ. ಮುಟ್ಟದ ಚಹಾ ತಣ್ಣಗಾಯಿತು. ಅಕ್ಕ ಗಡಿಯಾರ ನೋಡಿದರು.

"ಇದು ಬೇಡ ಅಂತ ಬರೆದುಬಿಡ್ತೀನಿ ಅಕ್ಕಾ."

"ನೋಡಿ ಬರೀರಿ, ಹೆದರಿ ಬರೀಬೇಡಿ. ಆ ಮನುಷ್ಯನಿಗೂ ಕತ್ತಿ ಅಂದ್ರೆ ಭಯ. ಯಾರ ಹತ್ರಾನೂ ಬಾಯಿಬಿಟ್ಟಿಲ್ಲ. ಹೀಗೇ ಬಿಟ್ರೆ ಮೂತ್ರಪಿಂಡಾನೂ ಹೋಗುತ್ತೆ."

ಅವರು ಒಂದೊಂದೇ ಪದರ ಸರಿಸಿದರು. ಪದರ ಪದರದಲ್ಲೂ ಅಣ್ಣ. ನಾಳದ ಹತ್ತಿರ ಬಂದಾಗ ಉಸಿರು ಬಿಗಿಹಿಡಿದರು.

ಸುರುಳಿಯಿಲ್ಲ. ಎಡವೂ ನೇರ, ಬಲವೂ ನೇರ. ಗ್ರಂಥಿಯೊಳಗೆ ರಕ್ತ ಕುಡಿದು ಕೊಬ್ಬಿದ ಗಂಟುಗಳು ಗೊಂಚಲು ಗೊಂಚಲಾಗಿ ತುಂಬಿವೆ. ರಕ್ತ ನಿಂತರೆ ಚೆನ್ನಾಗಿ ಕುಗ್ಗುವುದು ಇಂಥವೇ. ಇದು ಅಣ್ಣನಲ್ಲ. ಅಣ್ಣನಂಥ ಇನ್ನೊಬ್ಬ.

'ಆಗುತ್ತದೆ. ಒಂದು ದಿನವೂ ತಡ ಮಾಡಬೇಡಿ.' ಬರೆದು ಸಹಿ ಹಾಕುವಾಗ ಅವರ ಕಣ್ಣು ಒದ್ದೆಯಾಗಿತ್ತು.

"ಆ ಪುಣ್ಯಾತ್ಮನಿಗೆ ಹೇಳಿ, ಹೆದರ್ಬೇಡ ಅಂತ. ಇಷ್ಟು ದಿನ ಮುಚ್ಚಿಟ್ಕೊಂಡು ಕೂತಿದ್ದಾನಲ್ಲ, ಎಂಥ ಪೆದ್ದ!"

ಅಕ್ಕ ಸಹಿಯ ಶಾಯಿ ಆರುವವರೆಗೆ ಕಾದರು. ಹಾಳೆಯನ್ನು ಭದ್ರವಾಗಿ ಫೈಲಿಗೆ ಸೇರಿಸಿ, ಪರದೆಯ ಮೇಲಿನ ಪಟ್ಟಿಯನ್ನು ಮೆಲ್ಲಗೆ ಕಿತ್ತರು.

"ಹಾಗಾದ್ರೆ ನಾಳೆ ಬೆಳಿಗ್ಗೆ ಬರಿಹೊಟ್ಟೇಲಿ ಬನ್ನಿ ಡಾಕ್ಟ್ರೇ. ಈ ಸಲಾನೂ ಗೊರಕೆ ಹೊಡೀಬಹುದು."