ಉಸಿರಾಡದ ದೀಪ

ಬಾವಿಯ ತಳ ಮುಟ್ಟಿದರೂ ದೀಪ ನಂದಲಿಲ್ಲ. ಅದನ್ನು ನೋಡಿಯೇ ಸೃಜನ್ ಸೊಂಟಕ್ಕೆ ಹಗ್ಗ ಬಿಗಿದು ಇಳಿದ. ನರಿಕೊಂಬು ಊರಿನ ಇದಿನಬ್ಬರ ಹಿತ್ತಿಲಿನ ಆ ಬಾವಿ ಮೂರು ವರ್ಷ ಮುಚ್ಚಿಯೇ ಇತ್ತು. ಈಗ ಹೂಳು ತೆಗೆಯಬೇಕಿತ್ತು. ದೀಪ ನಂದುವಲ್ಲಿ ಮನುಷ್ಯನೂ ಉಳಿಯುವುದಿಲ್ಲವೆಂಬುದು ಬಾವಿ ಕೆಲಸದವರ ಹಳೆಯ ತಿಳಿವಳಿಕೆ; ಆದ್ದರಿಂದ ಮೊದಲು ದೀಪ, ಬಳಿಕ ಆಳು.

ಎಲೆಯಡಿಕೆ ಹಾಕಿಕೊಂಡು ಬಂದ ಅವನ ಸೋದರಮಾವ ಚನಿಯಪ್ಪ ಕಟ್ಟೆಯಿಂದ ಬಗ್ಗಿ ನೋಡಿದರು. ಆಳದಲ್ಲಿ ಹಾಲಿನಂಥ ಬಿಳಿ ಬೆಳಕು.

“ಯಾವ ದೀಪ ಇಳಿಸಿದ್ದು ಮಾರಾಯ?”

“ಚಾರ್ಜಿನದ್ದು ಮಾವ! ನಿಮ್ಮ ಸೀಮೆಎಣ್ಣೆ ಚಿಮಿಣಿಯನ್ನು ಮ್ಯೂಸಿಯಮ್ಮಿಗೆ ಕೊಡುವ.”

“ಹತ್ತು ಮೇಲೆ! ಅದಕ್ಕೆ ಉಸಿರು ಬೇಡ, ನಿನಗೆ ಬೇಕು!”

ಕೆಳಗಿನ ನಗು ಅರ್ಧಕ್ಕೆ ನಿಂತಿತು. ಹಗ್ಗ ಬಿಗಿಯಿತು. ಜೊತೆಯ ಆಳು ಮುಂಡಪ್ಪ ಕಟ್ಟೆ ಹತ್ತಿ ಇಳಿಯಹೊರಟಾಗ ಚನಿಯಪ್ಪ ಅವನ ರಟ್ಟೆ ಹಿಡಿದು ಸೆಳೆದರು. “ನೀನೂ ಹೋದರೆ ಎರಡು ಹೆಣ. ಎಳಿ!” ಹಗ್ಗ ಎಳೆದವರು ಮೂವರೆಂದು ಮುಂಡಪ್ಪ ಹೇಳುತ್ತಾನೆ, ನಾಲ್ವರೆಂದು ನೆರೆಯವರು; ಇದಿನಬ್ಬರ ಮಗಳು, ಆಸ್ಪತ್ರೆಯಲ್ಲಿ ದಾದಿಯಾಗಿರುವ ಫಾಹಿಮಾ ಅವರಲ್ಲಿ ಒಬ್ಬಳೆಂಬುದರಲ್ಲಿ ಮಾತ್ರ ಭಿನ್ನ ಹೇಳಿಕೆಯಿಲ್ಲ.

ಮೇಲೆ ಬಂದ ಸೃಜನ್‌ನ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಎದೆ ಅಲುಗುತ್ತಿರಲಿಲ್ಲ. ಫಾಹಿಮಾ ಅವನ ಕತ್ತು ಮುಟ್ಟಿ, “ನಾಡಿ ಉಂಟು,” ಎಂದಳು. ಗಲ್ಲ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಊದಿದಳು. ಎದೆ ಏರಿತು, ಇಳಿಯಿತು, ಸುಮ್ಮನಾಯಿತು. ಮತ್ತೆ ಊದಿದಳು. ಚನಿಯಪ್ಪ ತಾವೇ ಉಸಿರಾಡಲು ಮರೆತು ನಿಂತಿದ್ದರು. ಎಷ್ಟನೆಯ ಸಲಕ್ಕೋ ಒಂದು ಕೆಮ್ಮು ಬಂತು; ಪಕ್ಕೆಲುಬುಗಳು ಯಾರ ಹಂಗೂ ಇಲ್ಲದೆ ತಾವಾಗಿಯೇ ಹಿಗ್ಗಿದವು.

“ಬೈಬೇಡಿ ಮಾವ,” ಎಂದಿತು ಒಂದು ಸಣ್ಣ ದನಿ.

“ಬೈಯುವುದಕ್ಕೆ ನನ್ನಲ್ಲಿ ಶ್ವಾಸ ಎಲ್ಲುಂಟು?”

ಆಂಬುಲೆನ್ಸಿಗೆ ಕಾಯುತ್ತಿದ್ದಾಗ ಚನಿಯಪ್ಪ ಮೆಲ್ಲನೆ ಕೇಳಿದರು: “ನೀನು ಊದಿದ್ದು ಬಳಸಿ ಬಿಟ್ಟ ಗಾಳಿಯಲ್ಲವಾ ಮಗಳೇ? ಅವನಿಗೆ ಅದು ಹೇಗೆ ಸಾಕಾಯಿತು?”

“ಎಳೆದುಕೊಂಡ ಪ್ರಾಣವಾಯುವಿನಲ್ಲಿ ನಮ್ಮ ಶ್ವಾಸಕೋಶ ರಕ್ತಕ್ಕೆ ಕೊಡುವುದು ಸುಮಾರು ಕಾಲು ಭಾಗ ಮಾತ್ರ ಚನಿಯಪ್ಪಣ್ಣ. ಉಳಿದದ್ದು ಹಾಗೆಯೇ ಹೊರಗೆ ಬರ್ತದೆ.”

ಚನಿಯಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. “ಮುಕ್ಕಾಲು ಪಾಲು ಇನ್ನೊಬ್ಬನಿಗೆ ಉಳಿಸಿಯೇ ಬಿಡುವುದಾ ನಾವು? ಪ್ರತಿ ಸಲವೂ?”

ಅಂಗೈಯನ್ನು ಬಟ್ಟಲಾಗಿಸಿ ಮೂಗಿನ ಕೆಳಗೆ ಹಿಡಿದು ಅವರು ಒಮ್ಮೆ ಉಸಿರು ಬಿಟ್ಟರು. ಬಳಿಕ, ತುಂಬಿದ ನೀರು ತುಳುಕದಂತೆ ಒಯ್ಯುವವರ ಹಾಗೆ, ಆ ಅಂಗೈಯನ್ನು ಅಳಿಯನ ಮುಖದ ಬಳಿಗೆ ಒಯ್ದರು.