ಎಡಗೈ ಗಂಟು

"ಕಟ್ಟಿದೆ," ಎಂದು ಮಗಳು ಶೂ ಹಾಕಿದ ಕಾಲನ್ನು ಅಪ್ಪನ ಮುಂದೆ ಚಾಚಿದಳು. ಒಂಬತ್ತು ವರ್ಷಕ್ಕೆ ಅವಳು ತಾನಾಗಿ ಹಾಕಿದ ಮೊದಲ ಗಂಟು.

ಕೈಕಾಲು ಹೇಳಿದ ಮಾತು ಕೇಳದ ಮಕ್ಕಳಿಗೆ ತರಬೇತಿ ಕೊಡುವ ಟೀಚರ್ ಬಗ್ಗಿ ನೋಡಿದರು. "ನಾನು ಹೇಳಿಕೊಟ್ಟಿದ್ದು ಹೀಗಲ್ಲ. ಇದು ಎಡಗೈಯವರು ಕಟ್ಟೋ ಗಂಟು. ಬಿಚ್ಚಿ ಸರ್, ಇದೇ ರೂಢಿಯಾದ್ರೆ ಕಷ್ಟ."

ಲೇಸಿನ ತುದಿ ಹಿಡಿದ ಅಪ್ಪನ ಬೆರಳು ಅಲ್ಲೇ ನಿಂತಿತು. ಮನೆಯಲ್ಲಿ ಎಡಗೈಯವಳು ಒಬ್ಬಳೇ ಇದ್ದಳು, ಮಗಳ ಅಮ್ಮ. ತೀರಿಹೋಗುವವರೆಗೂ ದಿನಾ ಬೆಳಿಗ್ಗೆ ಮಗಳ ಹಿಂದೆ ಕೂತು, ಆ ಪುಟ್ಟ ಕೈಗಳನ್ನು ತನ್ನ ಕೈಯೊಳಗೆ ಹಿಡಿದು ಕಟ್ಟಿಸುತ್ತಿದ್ದಳು. ಮರುದಿನಕ್ಕೆ ಮಗಳಿಗೆ ಎಲ್ಲ ಮರೆತಿರುತ್ತಿತ್ತು. "ಬಂಡೆ ಮೇಲೆ ಮಳೆ ಸುರಿದ ಹಾಗೆ, ಬಿಡೇ," ಎಂದು ರೇಗುತ್ತಿದ್ದವನು ಅವನೇ.

ಅಪ್ಪ ಗಂಟು ಬಿಚ್ಚಲಿಲ್ಲ. ತನ್ನ ಶೂವಿನ ಲೇಸು ಎಳೆದು ಸಡಿಲಿಸಿ, ಕಾಲು ಮುಂದಿಟ್ಟ.

"ನಂದೂ ಹಾಗೇ ಕಟ್ಟು, ಪುಟ್ಟಿ."