ಲೇಕ್‌ವುಡ್‌ನ ಹಾರ್ಲನ್

"ಲೈನ್‌ನಲ್ಲಿ ಲೇಕ್‌ವುಡ್‌ನ ಹಾರ್ಲನ್! ಶುರು ಹಚ್ಕೊಳ್ಳಿ ಗುರುಗಳೇ!" ರೇಡಿಯೋದಲ್ಲಿ ನಿರೂಪಕ ರಸ್ಟಿ ಕೂಗಿದ. ಫುಟ್‌ಬಾಲ್ ಚರ್ಚೆಗೆ ಯಾರೇ ಫೋನ್ ಮಾಡಲಿ, ಹೆಸರಿಗೆ ಊರು ಸೇರಿಸಿ ಕರೆಯುವುದು ಅವನ ರೂಢಿ.

ಕಾರಿನ ಹಿಂದಿನ ಸೀಟಿನಲ್ಲಿ ಒಟ್ಟಿದ್ದ ಹಾಸಿಗೆ, ಪಾತ್ರೆಗಳ ಕಡೆ ಹಾರ್ಲನ್ ನೋಡಲಿಲ್ಲ. "ಮ್ಯಾಡಕ್‌ನ ಕೈಬಿಡಬೇಡಿ," ಎಂದ. "ಇಷ್ಟು ವರ್ಷ ಕ್ವಾರ್ಟರ್‌ಬ್ಯಾಕ್ ಆಗಿ ನಮ್ಮ ಟೀಮಿನ ಆಟ ನಡೆಸಿದೋನು. ಹೊಸಬ ಸಿಕ್ಕ ಅಂತ ಹಳಬನ್ನ ಬೀದಿಗೆ ತಳ್ಳೋದಾ?"

"ಅಯ್ಯೋ ಮಾರಾಯ್ರೇ! ಆ ಮುದುಕನ್ನ ಎತ್ತಂಗಡಿ ಮಾಡಿ ಅಂತ ಹೋದ ವಾರ ಗಂಟಲು ಹರ್ಕೊಂಡೋರು ನೀವೇ ಅಲ್ವಾ?"

ಹಾರ್ಲನ್ ಕೀಲಿಗೊಂಚಲನ್ನು ಬೆರಳಲ್ಲಿ ತಿರುಗಿಸಿದ. ಬಾಡಿಗೆ ದುಪ್ಪಟ್ಟಾಗಿ ಬಿಡಬೇಕಾಗಿ ಬಂದ ಮನೆಯ ಕೀಲಿ ಹೋಗಿ, ಅದರಲ್ಲೀಗ ಕಾರಿನದೊಂದೇ ಉಳಿದಿತ್ತು.

"ಹೋದ ವಾರ ನಾನು ಲೇಕ್‌ವುಡ್‌ನಲ್ಲಿದ್ದೆ," ಎಂದ.